ಸಿನಿಮಾ, ಸೀರಿಯಲ್, ಓಟಿಟಿಗೆ ಹಾಡು ಕೊಡುವ ಮುನ್ನ: ನಿಮ್ಮ ಸಂಗೀತದ ಕ್ಯಾಟಲಾಗ್ ಅಣಿಗೊಳಿಸುವ ಸಮಗ್ರ ಮಾರ್ಗದರ್ಶಿ

ವೆಬ್ ಸರಣಿಯೊಂದರ ಎಡಿಟಿಂಗ್ ಮುಗಿಯುವ ಹೊತ್ತು. ಮಳೆಯ ದೃಶ್ಯಕ್ಕೆ ತಾತ್ಕಾಲಿಕವಾಗಿ ಇಟ್ಟಿದ್ದ ಹಾಡಿನ ಬೆಲೆ ಬಜೆಟ್‌ಗೆ ಹೊಂದಲಿಲ್ಲ. ದೃಶ್ಯಗಳಿಗೆ ಹಾಡು ಆರಿಸುವ ಮ್ಯೂಸಿಕ್ ಸೂಪರ್‌ವೈಸರ್‌ಗೆ ನಿಮ್ಮ ಹಾಡು ಹಿಡಿಸಿತು. ನಾಳೆ ಮಧ್ಯಾಹ್ನದೊಳಗೆ ಅವರಿಗೆ ಮೂರು ಉತ್ತರ ಬೇಕು: ಸಹಿ ಹಾಕುವವರು ಯಾರು, ಗಾಯನವಿಲ್ಲದ ಆವೃತ್ತಿ ಇದೆಯೇ, ಈ ಹಾಡಿನಲ್ಲಿ ಬೇರೆ ಯಾರ ಪಾಲಾದರೂ ಇದೆಯೇ. ‘ಕವಿಯ ಮಗನ ನಂಬರ್ ಹುಡುಕುತ್ತಿದ್ದೇವೆ’ ಎಂದು ಉತ್ತರಿಸುವಷ್ಟರಲ್ಲಿ ಆ ಜಾಗಕ್ಕೆ ಇನ್ನೊಂದು ಹಾಡು ಕೂತಾಗಿರುತ್ತದೆ. ಹಾಡು ಚೆನ್ನಾಗಿದ್ದೂ ಕೈತಪ್ಪುವುದು ಹೆಚ್ಚಾಗಿ ಹೀಗೆಯೇ.

ಆದ್ದರಿಂದ ಕೆಲಸವನ್ನು ಈ ಕ್ರಮದಲ್ಲಿ ಮಾಡಿ: ಮೊದಲು ಹಕ್ಕು, ಆಮೇಲೆ ಧ್ವನಿ, ಆಮೇಲೆ ಹೆಸರು-ಸಂಖ್ಯೆ, ಕೊನೆಗೆ ಮಾರಾಟ. ಬಹುತೇಕರು ಕೊನೆಯದರಿಂದ ಶುರುಮಾಡುತ್ತಾರೆ.

ಹಂತ 1: ಯಾವ ಹಾಡು ನಿಜವಾಗಿ ನಿಮ್ಮದು?

ಇದುವರೆಗೆ ಮಾಡಿದ ಎಲ್ಲ ಹಾಡುಗಳನ್ನೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದು, ಕೊಡಲಾಗದವನ್ನು ಮೊದಲು ಹೊಡೆದುಹಾಕಿ. ಸಿನಿಮಾಕ್ಕೆಂದು ಮಾಡಿಕೊಟ್ಟ ಹಾಡುಗಳ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರ ಮೂಲಕ ಆಡಿಯೊ ಕಂಪನಿಗೆ ಹೋಗಿರುತ್ತದೆ. ಧಾರಾವಾಹಿಯ ಶೀರ್ಷಿಕೆ ಗೀತೆ, ಜಾಹೀರಾತಿನ ಜಿಂಗಲ್‌ಗಳೂ ಹಾಗೆಯೇ. ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಜೊತೆಗಿನ ಒಪ್ಪಂದವನ್ನು ತೆಗೆದು ‘ಸಿಂಕ್’ ಎಂಬ ಪದ ಹುಡುಕಿ. ಕೆಲವು ಒಪ್ಪಂದಗಳಲ್ಲಿ ದೃಶ್ಯಕ್ಕೆ ಹಾಡು ಜೋಡಿಸುವ ಹಕ್ಕನ್ನೂ ಅವರಿಗೇ ಬರೆದುಕೊಟ್ಟಿರುತ್ತೀರಿ, ಸೈನ್ ಅಪ್ ಮಾಡುವಾಗ ಓದಿರುವುದಿಲ್ಲ.

ಕವರ್ ಹಾಡುಗಳನ್ನು, ಅಂದರೆ ಬೇರೆಯವರ ಹಾಡನ್ನು ನೀವು ಮತ್ತೆ ಹಾಡಿದ್ದನ್ನು, ಬೇರೆ ಪಟ್ಟಿಗೆ ಹಾಕಿ. ಆಡಿಯೊ ಬಿಡುಗಡೆಗೆಂದು ಪಡೆದ ಕವರ್ ಪರವಾನಗಿ ಚಿತ್ರದೊಂದಿಗೆ ಜೋಡಿಸಲು ಸಾಲದು. ಮೂಲ ರಚನೆಯ ಒಡೆಯರ ಬಳಿ ಮತ್ತೆ ಹೋಗಬೇಕು.

ಉಳಿದ ಹಾಡುಗಳಲ್ಲಿ ಅತ್ಯುತ್ತಮವಾದ 10ರಿಂದ 15 ಆರಿಸಿ. ಎಲ್ಲ ರೀತಿಯಲ್ಲೂ ಪಕ್ಕಾ ಇರುವ 12 ಹಾಡುಗಳ ಕ್ಯಾಟಲಾಗ್‌ಗೆ ಅರೆಬರೆ ದಾಖಲೆಯ 60 ಹಾಡುಗಳಿಗಿಂತ ಹೆಚ್ಚು ಬೆಲೆಯಿದೆ. ಒಮ್ಮೆ ಹಕ್ಕಿನ ತಕರಾರು ಬಂದರೆ ಆ ಸೂಪರ್‌ವೈಸರ್ ಮತ್ತೆ ನಿಮ್ಮ ಮೇಲ್ ತೆರೆಯುವುದು ಕಷ್ಟ.

ಹಂತ 2: ಹಕ್ಕಿನ ಸರಪಳಿ

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಮಾಡಿ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಒಂದು ಹಾಡು ಎಂದರೆ ಮೂರು ಆಸ್ತಿ. ಸಾಹಿತ್ಯ ಒಂದು, ರಾಗ ಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮೂರನೆಯದು. ಸಂಗೀತ ಕೃತಿಯ ವ್ಯಾಖ್ಯೆಯಲ್ಲಿ ಪದಗಳು ಸೇರುವುದಿಲ್ಲ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಇವುಗಳ ಜೊತೆಗೆ ಗಾಯಕರ, ವಾದ್ಯಗಾರರ ಪ್ರದರ್ಶಕರ ಹಕ್ಕು ಬೇರೆ. ದೃಶ್ಯಕ್ಕೆ ಹಾಡು ಜೋಡಿಸಲು ಸಾಹಿತ್ಯ ಮತ್ತು ಸಂಯೋಜನೆಗೆ ಸಿಂಕ್ ಲೈಸೆನ್ಸ್ ಬೇಕು, ಧ್ವನಿಮುದ್ರಣಕ್ಕೆ ಮಾಸ್ಟರ್ ಲೈಸೆನ್ಸ್ ಬೇಕು. ಇವೆರಡನ್ನೂ ಒಬ್ಬರೇ ಕೊಡಬಲ್ಲ ಹಾಡಿಗೆ ಉದ್ಯಮದಲ್ಲಿ ‘ಒನ್ ಸ್ಟಾಪ್’ ಎನ್ನುತ್ತಾರೆ. ನಿಮ್ಮ ಪ್ರತಿ ಹಾಡೂ ಆ ಸ್ಥಿತಿಗೆ ಬರಬೇಕು.

ಕನ್ನಡದಲ್ಲಿ ಅತಿ ಹೆಚ್ಚು ತೊಡಕಾಗುವುದು ಭಾವಗೀತೆಯಲ್ಲಿ. ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಕ್ಯಾಸೆಟ್ ಹೊರತಂದವರು ಮತ್ತೊಬ್ಬರು. ಭಾರತದಲ್ಲಿ ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಉಳಿಯುತ್ತದೆ. ಲೆಕ್ಕ ಸುಲಭ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಹಕ್ಕು 2035ರ ಕೊನೆಯವರೆಗೆ. ಬೇಂದ್ರೆ 1981, ಅಂದರೆ 2041ರ ಕೊನೆ. ಕುವೆಂಪು 1994, ಅಂದರೆ 2054ರ ಕೊನೆ. ಗೋವಿಂದ ಪೈ 1963ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಕವಿತೆಗಳು 2024ರ ಆರಂಭದಿಂದ ಇಲ್ಲಿ ಎಲ್ಲರ ಸ್ವತ್ತು. ಕೈಲಾಸಂ, ಬಿ.ಎಂ.ಶ್ರೀ. ಇಬ್ಬರೂ 1946ರಲ್ಲಿ ತೀರಿಕೊಂಡವರು, ಅವರ ಸಾಹಿತ್ಯದ ಅವಧಿ ಎಂದೋ ಮುಗಿದಿದೆ.

ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗೆ ಸಾಹಿತ್ಯದ ಹಕ್ಕಿನ ಪ್ರಶ್ನೆಯೇ ಇಲ್ಲ. ಆದರೆ ‘ವಚನ ತಾನೇ, ಯಾರಪ್ಪನ ಮನೆದು’ ಎಂದು ಧೈರ್ಯವಾಗಿ ಮುನ್ನುಗ್ಗಿದವರು ಬೀಳುವ ಹಳ್ಳ ಒಂದಿದೆ: ಪದ 12ನೇ ಶತಮಾನದ್ದಾದರೂ ಈಗ ಎಲ್ಲರ ಬಾಯಲ್ಲಿರುವ ಧಾಟಿ 20ನೇ ಶತಮಾನದ ಯಾರೋ ಸಂಯೋಜಕರದ್ದಾಗಿರಬಹುದು. ಆ ಧಾಟಿಗೆ ಅವರ ಹಕ್ಕು ಇದೆ. ನಿಮ್ಮದೇ ರಾಗ ಹಾಕಿದ್ದೀರಾದರೆ ‘ಸಾಹಿತ್ಯ ಸಾರ್ವಜನಿಕ ಸ್ವತ್ತು, ಸಂಯೋಜನೆ ಮೂಲ’ ಎಂದು ದಾಖಲೆಯಲ್ಲಿ ಬರೆಯಿರಿ. ಜನಪದ ಗೀತೆಗೂ ಇದೇ ವಿವೇಕ. ಪರಂಪರೆಯ ಮಟ್ಟು ಎಲ್ಲರದು, ಆದರೆ ಹಳ್ಳಿಯ ಹಾಡುಗಾರ್ತಿಯೊಬ್ಬರ ಧ್ವನಿಯನ್ನು ನೀವು ಮುದ್ರಿಸಿದ್ದರೆ ಆ ಗಾಯನ ಅವರದು. ಅವರ ಲಿಖಿತ ಒಪ್ಪಿಗೆ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ, ಹಣದ ಮೊತ್ತದ ಸಮೇತ ಇರಲಿ. ಇದನ್ನು ಕಾನೂನಿಗಾಗಿ ಮಾತ್ರ ಮಾಡಬೇಡಿ.

ಕವಿಯ ವಾರಸುದಾರರಿಂದ ಒಪ್ಪಿಗೆ ತರುವಾಗ ಎಲ್ಲ ವಾರಸುದಾರರ ಸಹಿಯೂ ಬೇಕು. ಹಿರಿಯ ಮಗನೊಬ್ಬರದೇ ಸಾಲದು. ಕ್ಯಾಸೆಟ್ ಕಾಲದ ‘ಹಾಡಿಸಿಕೊಳ್ಳಲು ನನ್ನ ಒಪ್ಪಿಗೆ ಇದೆ’ ಎಂಬ ಒಂದು ಸಾಲಿನ ಪತ್ರವನ್ನು ನಂಬಿ ಕೂರಬೇಡಿ. ಒಪ್ಪಂದದ ಹೊತ್ತಿಗೆ ಇಲ್ಲದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸದಿದ್ದರೆ, ಹಕ್ಕು ವರ್ಗವಾಗದು ಎನ್ನುತ್ತದೆ 2012ರ ತಿದ್ದುಪಡಿ. ಹಳೆಯ ಪತ್ರಗಳಿಗೆ ಅದು ಅನ್ವಯಿಸುತ್ತದೋ ಇಲ್ಲವೋ ಎಂದು ವಕೀಲರು ವಾದಿಸಿಕೊಳ್ಳಲಿ. ನೀವು ‘ಸಿನಿಮಾ, ಟಿವಿ, ಓಟಿಟಿ, ಜಾಹೀರಾತು, ಅಂತರ್ಜಾಲ ಸೇರಿ ದೃಶ್ಯದೊಂದಿಗೆ ಜೋಡಿಸಲು’ ಎಂದು ಸ್ಪಷ್ಟವಾಗಿ ಬರೆದ ಹೊಸ ಪತ್ರಕ್ಕೆ ಸಹಿ ತನ್ನಿ.

ಪತ್ರ ಬರೆಯುವಾಗ ಕಲಂ 19 ನೆನಪಿರಲಿ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಜಗತ್ತಿನಾದ್ಯಂತ ತೋರಿಸುವ ಓಟಿಟಿಗೆ ಭಾರತಕ್ಕಷ್ಟೇ ಸೀಮಿತವಾದ ಹಾಡು ಉಪಯೋಗವಿಲ್ಲ. ಇನ್ನೊಂದು ಮಾತು: ಬೇರೆ ಷರತ್ತು ಬರೆದುಕೊಳ್ಳದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ತಾನಾಗಿ ಬಿದ್ದುಹೋಗುತ್ತದೆ. ಕ್ಯಾಟಲಾಗ್ ಹಾಡು ಮೂರು ವರ್ಷ ಸುಮ್ಮನೆ ಕೂರುವುದು ಮಾಮೂಲು. ಆದ್ದರಿಂದ ‘ಕಲಂ 19(4) ಅನ್ವಯಿಸುವುದಿಲ್ಲ’ ಎಂಬ ಸಾಲು ಸೇರಿಸಲೇಬೇಕು. ವಾಟ್ಸಾಪ್‌ನಲ್ಲಿ ಬಂದ ‘ಓಕೆ ಅಣ್ಣ’ ಇದ್ಯಾವುದರ ಬದಲಿಗೂ ನಿಲ್ಲದು.

ಈಗ ಪ್ರತಿ ಹಾಡಿಗೂ ಒಂದು ಪುಟದ ಸ್ಪ್ಲಿಟ್ ಶೀಟ್ ಮಾಡಿ. ಮೇಲೆ ರಚನೆಯ ಪಾಲು: ಉದಾಹರಣೆಗೆ ಸಾಹಿತ್ಯ ಶೇ 50, ಸಂಯೋಜನೆ ಶೇ 50. ಕೆಳಗೆ ಮಾಸ್ಟರ್ ಪಾಲು: ನಿರ್ಮಿಸಿದವರು ಶೇ 80, ಗಾಯಕಿ ಶೇ 20, ಹೀಗೆ. ಎರಡೂ ಪ್ರತ್ಯೇಕವಾಗಿ ನೂರಕ್ಕೆ ಕೂಡಬೇಕು. ಎಲ್ಲರ ಪೂರ್ಣ ಹೆಸರು, ಸಹಿ, ದಿನಾಂಕ ಇರಲಿ. ಮುಖ್ಯವಾಗಿ, ವಾದ್ಯಗಳನ್ನು ಜೋಡಿಸಿ ಟ್ರ್ಯಾಕ್ ಕಟ್ಟಿದ ಅರೇಂಜರ್ ಜೊತೆ ಮಾತಾಡಿ. ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಎಂದರೆ ಅದನ್ನು ಮಾಡಲು ಮುಂದಾಗಿ ಹೊಣೆ ಹೊತ್ತವರು. ಗೆಳೆಯನ ಮನೆಯ ಸ್ಟುಡಿಯೊದಲ್ಲಿ, ದುಡ್ಡಿನ ಮಾತಿಲ್ಲದೆ ಮಾಡಿದ ಟ್ರ್ಯಾಕ್‌ನ ಒಡೆತನ ಯಾರದೆಂದು ಆಮೇಲೆ ನಿರ್ಧರಿಸುವುದು ತಲೆನೋವು. ವಯೊಲಿನ್, ಕೊಳಲು, ತಬಲಾ ನುಡಿಸಿದವರಿಂದಲೂ ಅರ್ಧ ಪುಟದ ಒಪ್ಪಿಗೆ ಪತ್ರ ತೆಗೆದುಕೊಳ್ಳಿ, ಅದಕ್ಕೆ ಸಂಭಾವನೆಯ ರಸೀದಿ ಲಗತ್ತಿಸಿ.

ಗೀತರಚನೆಕಾರರ ಮತ್ತು ಸಂಯೋಜಕರ ರಾಯಲ್ಟಿ ಪಾಲನ್ನು ಕಿತ್ತುಕೊಳ್ಳುವ ಷರತ್ತು ಬರೆಯಬೇಡಿ. 2012ರ ತಿದ್ದುಪಡಿಯ ನಂತರ ಆ ಹಕ್ಕನ್ನು ಅವರೇ ಬಿಟ್ಟುಕೊಡಲು ಹೊರಟರೂ ಆಗದು.

ಕೊನೆಯದಾಗಿ ಸಹಪಾಲುದಾರರೆಲ್ಲರೂ ಸೇರಿ ಒಬ್ಬರಿಗೆ ಅಧಿಕಾರ ಪತ್ರ ಕೊಡಿ: ಇಷ್ಟು ಮೊತ್ತಕ್ಕಿಂತ ಕಡಿಮೆಯಾಗದಿದ್ದರೆ, ಇಂತಿಂಥ ಬಳಕೆಗೆ, ಇವರೇ ಸಹಿ ಹಾಕಬಹುದು ಎಂದು. ಒಪ್ಪದ ಬಳಕೆಗಳ ಪಟ್ಟಿಯೂ ಅದರಲ್ಲೇ ಇರಲಿ. ಮದ್ಯದ ಜಾಹೀರಾತು, ಚುನಾವಣಾ ಪ್ರಚಾರ, ವಚನ ಅಥವಾ ದೇವರನಾಮವಾದರೆ ಹಿಂಸೆಯ ಅಥವಾ ಶೃಂಗಾರದ ದೃಶ್ಯ. ಇದನ್ನು ಶಾಂತವಾಗಿ ಮೊದಲೇ ಕೂತು ನಿರ್ಧರಿಸಿದರೆ ಗಡಿಬಿಡಿಯ ದಿನ ಮನಸ್ತಾಪವಾಗದು.

ಲೂಪ್ ಮತ್ತು ಸ್ಯಾಂಪಲ್ ಬಳಸಿದ್ದರೆ ಯಾವ ಪ್ಯಾಕ್, ಯಾವ ಪರವಾನಗಿ ಎಂದು ಬರೆದು ರಸೀದಿ ಇಡಿ. ಹಳೆಯ ಸಿನಿಮಾ ಹಾಡಿನಿಂದ ಎರಡು ಸೆಕೆಂಡ್ ಎತ್ತಿದ್ದರೂ ಆ ಹಾಡನ್ನು ಪಟ್ಟಿಯಿಂದ ತೆಗೆಯಿರಿ, ಇಲ್ಲವೇ ಆ ಭಾಗವನ್ನು ಹೊಸದಾಗಿ ನುಡಿಸಿ. ಕೃತಕ ಬುದ್ಧಿಮತ್ತೆಯ ಉಪಕರಣ ಎಲ್ಲಿ ಬಳಸಿದ್ದೀರಿ ಎಂಬುದನ್ನೂ ಮುಚ್ಚಿಡದೆ ಬರೆಯಿರಿ.

ಹಂತ 3: ಧ್ವನಿ ಕಡತಗಳು

ಸಿನಿಮಾ, ಟಿವಿಯ ಅಳತೆ 48 ಕಿಲೋಹರ್ಟ್ಸ್, 24 ಬಿಟ್ ವೇವ್. ಸ್ಟ್ರೀಮಿಂಗ್‌ಗೆಂದು ಮಾಡಿದ ನಿಮ್ಮ ಮಾಸ್ಟರ್ ಬಹುಶಃ 44.1ರಲ್ಲಿ ಇರುತ್ತದೆ. ಅದನ್ನು ಒಳ್ಳೆಯ ಕನ್ವರ್ಟರ್‌ನಿಂದ ನೀವೇ ಬದಲಿಸಿ ಕೊಡಿ. ಪರಿವರ್ತಿಸದೆ 48ರ ಟೈಮ್‌ಲೈನ್‌ಗೆ ಬಿದ್ದರೆ ಹಾಡು ಸುಮಾರು ಶೇ 8.8ರಷ್ಟು ವೇಗವಾಗಿ ಓಡಿ, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಮೇಲೇರುತ್ತದೆ. ಗಾಯಕಿಯ ಧ್ವನಿ ಮಗುವಿನದಾಗುತ್ತದೆ.

ಪ್ರತಿ ಹಾಡಿಗೂ ಬೇಕಾದ ಆವೃತ್ತಿಗಳು: ಪೂರ್ಣ ಹಾಡು, ಗಾಯನವಿಲ್ಲದ್ದು, ಮುಖ್ಯ ಗಾಯನವಿಲ್ಲದೆ ಕೋರಸ್ ಉಳಿಸಿಕೊಂಡದ್ದು, ಬರೀ ಗಾಯನದ್ದು. ಇವುಗಳಲ್ಲಿ ಗಾಯನವಿಲ್ಲದ್ದೇ ಅತಿ ಮುಖ್ಯ, ಏಕೆಂದರೆ ಸಂಭಾಷಣೆಯ ಕೆಳಗೆ ಹಾಡಿನ ಪದಗಳು ಕೇಳಿದರೆ ಎರಡೂ ಹಾಳು. ಅದನ್ನು ಗಾಯನ ಮ್ಯೂಟ್ ಮಾಡಿ ಎಕ್ಸ್‌ಪೋರ್ಟ್ ಒತ್ತಿದಷ್ಟಕ್ಕೆ ಬಿಡಬೇಡಿ. ಹಿಂದೆ ಉಳಿದ ರಿವರ್ಬ್, ಡಿಲೇ, ಡಬಲ್ ಟ್ರ್ಯಾಕ್, ಒಂದೊಂದು ಆಲಾಪದ ಎಳೆ ಹೆಡ್‌ಫೋನ್‌ನಲ್ಲಿ ದೆವ್ವದಂತೆ ಕೇಳುತ್ತವೆ. ಗಾಯನ ಹೋದ ಜಾಗ ಬರಿದಾಗಿರುವುದರಿಂದ ಕೊಳಲನ್ನೋ ವೀಣೆಯನ್ನೋ ಸ್ವಲ್ಪ ಎತ್ತಿ ಮತ್ತೆ ಮಾಸ್ಟರ್ ಮಾಡಿ.

ಒಂದೇ ಕೋಣೆಯಲ್ಲಿ ಹಾರ್ಮೋನಿಯಂ, ತಬಲಾ, ಗಾಯಕ ಎಲ್ಲರೂ ಕೂತು ಮುದ್ರಿಸಿದ್ದರೆ ಪ್ರತಿ ಮೈಕ್‌ನಲ್ಲೂ ದನಿ ಸೋರಿರುತ್ತದೆ. ಅಂಥ ಹಾಡಿಗೆ ಶುದ್ಧ ವಾದ್ಯ ಆವೃತ್ತಿ ಸಿಗುವುದಿಲ್ಲ. ಧ್ವನಿ ಬೇರ್ಪಡಿಸುವ ಸಾಫ್ಟ್‌ವೇರ್‌ನ ಫಲಿತಾಂಶ ಫೋನಿನಲ್ಲಿ ಪರವಾಗಿಲ್ಲ ಎನಿಸಿದರೂ ಥಿಯೇಟರ್ ಸ್ಪೀಕರ್‌ನಲ್ಲಿ ನೀರೊಳಗಿಂದ ಬಂದಂತೆ ಕೇಳುತ್ತದೆ. ಮರುಮುದ್ರಣ ಮಾಡಿ, ಇಲ್ಲವೇ ‘ಲೈವ್, ವಾದ್ಯ ಆವೃತ್ತಿ ಇಲ್ಲ’ ಎಂದು ಮೊದಲೇ ಹೇಳಿ.

ಸ್ಟೆಮ್‌ಗಳು, ಅಂದರೆ ವಾದ್ಯ ಮತ್ತು ಗಾಯನದ ಗುಂಪುಗಳ ಬಿಡಿ ಕಡತಗಳು, 5ರಿಂದ 8 ಸಾಕು: ತಾಳವಾದ್ಯ, ಬೇಸ್, ತಂಬೂರಿ ಮತ್ತು ಪ್ಯಾಡ್, ತಂತಿವಾದ್ಯ, ಮುಖ್ಯ ರಾಗದ ವಾದ್ಯ, ಕೋರಸ್, ಮುಖ್ಯ ಗಾಯನ. ತಂಬೂರಿಯನ್ನು ದಯವಿಟ್ಟು ಬೇರೆಯಾಗಿಯೇ ಇಡಿ. ಮುಂದಿನ ದೃಶ್ಯದ ಹಿನ್ನೆಲೆ ಸಂಗೀತ ಬೇರೆ ಶ್ರುತಿಯಲ್ಲಿದ್ದರೆ ಮಿಕ್ಸ್ ಎಂಜಿನಿಯರ್ ಮೊದಲು ಇಳಿಸುವುದು ಅದನ್ನೇ. ಎಲ್ಲ ಸ್ಟೆಮ್‌ಗಳೂ ಒಂದೇ ಬಿಂದುವಿನಿಂದ ಶುರುವಾಗಿ ಒಂದೇ ಉದ್ದ ಇರಬೇಕು, ಕೋರಸ್ ಬರುವುದು ಮೂರನೇ ನಿಮಿಷಕ್ಕಾದರೂ ಸರಿ. ಪ್ರತಿ ಸ್ಟೆಮ್‌ಗೂ ಅದರದೇ ರಿವರ್ಬ್ ಸೇರಿರಲಿ.

ಸ್ಟೆಮ್‌ಗಳನ್ನು ಕೂಡಿಸಿದರೆ ಮೂಲ ಹಾಡೇ ಬರಬೇಕು. ಇಲ್ಲಿ ಎಡವಿಸುವುದು, ಎಲ್ಲ ಟ್ರ್ಯಾಕ್‌ಗಳೂ ಕೂಡುವ ಮಾಸ್ಟರ್ ಬಸ್‌ನ ಲಿಮಿಟರ್, ಅಂದರೆ ಸದ್ದು ಮಿತಿ ಮೀರದಂತೆ ತಡೆಯುವ ಸಾಧನ. ಡೊಳ್ಳಿನ ಪೆಟ್ಟಿಗೆ ಅದು ಇಡೀ ಮಿಕ್ಸ್ ಅನ್ನು ಒತ್ತುತ್ತದೆ. ಡೊಳ್ಳು ಇಲ್ಲದ ಸ್ಟೆಮ್‌ನಲ್ಲಿ ಆ ಒತ್ತಡ ಇರುವುದಿಲ್ಲ, ಕೂಡಿಸಿದಾಗ ಹಾಡೇ ಬೇರೆಯಾಗುತ್ತದೆ. ಲಿಮಿಟರ್ ತೆಗೆದು, ಪೂರ್ಣ ಮಿಕ್ಸ್‌ನ ಪೀಕ್ -6 ಡೆಸಿಬಲ್ ಆಸುಪಾಸಿನಲ್ಲಿ ಇರುವಂತೆ ಸ್ಟೆಮ್ ತೆಗೆಯಿರಿ. ಜೊತೆಗೆ ಲಿಮಿಟರ್ ಇಲ್ಲದ ಪೂರ್ಣ ಮಿಕ್ಸ್ ಒಂದನ್ನೂ ಇಡಿ. ಪರೀಕ್ಷೆ ಹೀಗೆ: ಎಲ್ಲ ಸ್ಟೆಮ್‌ಗಳನ್ನು ಹೊಸ ಪ್ರಾಜೆಕ್ಟ್‌ಗೆ ಹಾಕಿ, ಆ ಮಿಕ್ಸ್ ಅನ್ನು ಪೋಲಾರಿಟಿ (ಧ್ವನಿ ಅಲೆಯ ಮೇಲು-ಕೆಳಗು) ತಿರುಗಿಸಿ ಪಕ್ಕದಲ್ಲಿಟ್ಟು ನುಡಿಸಿ. ಮೌನ ಬಂದರೆ ಪಾಸು. ಕೋರಸ್ ಎಫೆಕ್ಟ್‌ನಂಥವುಗಳಿಂದ ಬರುವ ಸಣ್ಣ ಪಿಸುಗುಟ್ಟುವಿಕೆಗೆ ಚಿಂತೆ ಬೇಡ. ಯಾವುದೋ ವಾದ್ಯ ಪೂರ್ತಿಯಾಗಿ ಕೇಳಿದರೆ ಅದು ಯಾವ ಸ್ಟೆಮ್‌ಗೂ ಸೇರಿಲ್ಲ ಅಥವಾ ಎರಡರಲ್ಲಿ ಸೇರಿದೆ ಎಂದರ್ಥ.

ಮಾಸ್ಟರ್‌ನ ಟ್ರೂ ಪೀಕ್ -1 ಡೆಸಿಬಲ್ ದಾಟದಿರಲಿ. ಪ್ರಸಾರದ ಲೌಡ್‌ನೆಸ್ ಮಟ್ಟಕ್ಕೆ ನೀವು ಹೊಂದಿಸಬೇಕಿಲ್ಲ. ನೆಟ್‌ಫ್ಲಿಕ್ಸ್‌ನಂಥವರು ಸಂಭಾಷಣೆಯನ್ನು ಆಧರಿಸಿ -27 ಎಲ್‌ಕೆಎಫ್‌ಎಸ್ (ಲೌಡ್‌ನೆಸ್‌ನ ಅಳತೆ) ಕೇಳುವುದು ಇಡೀ ಕಾರ್ಯಕ್ರಮದ ಮಿಕ್ಸ್‌ಗೆ. ಆ ಕೆಲಸ ಅಲ್ಲಿಯ ಎಂಜಿನಿಯರ್‌ದು.

ಹಾಡು ಫೇಡ್ ಆಗುತ್ತಾ ಮುಗಿಯುವುದಾದರೆ ಗಟ್ಟಿಯಾಗಿ ನಿಲ್ಲುವ ಇನ್ನೊಂದು ಅಂತ್ಯ ಮಾಡಿ, ಕೊನೆಯಲ್ಲಿ 2-3 ಸೆಕೆಂಡ್ ಮೊಳಗು ಬಿಡಿ. 60, 30, 15 ಸೆಕೆಂಡ್‌ಗಳ ತುಣುಕುಗಳನ್ನೂ ಮಾಡಿಡಿ. ಕತ್ತರಿ ಯಾವಾಗಲೂ ಸಮದ ಮೇಲೆ, ಅಂದರೆ ತಾಳದ ಆವರ್ತದ ಮೊದಲ ಪೆಟ್ಟಿನ ಮೇಲೆ, ಬೀಳಲಿ. 96 ಬಿಪಿಎಂನ (ನಿಮಿಷಕ್ಕೆ 96 ಬೀಟ್) ಆದಿತಾಳದಲ್ಲಿ, ಪ್ರತಿ ಬೀಟ್ ಒಂದು ಅಕ್ಷರವಾದರೆ, ಒಂದು ಆವರ್ತ ಸರಿಯಾಗಿ 5 ಸೆಕೆಂಡ್. 30 ಸೆಕೆಂಡ್ ಎಂದರೆ ಆರು ಆವರ್ತ. ಆದರೆ ಮೊಳಗಿಗೂ ಜಾಗ ಬೇಕಾದ್ದರಿಂದ ಐದೇ ಆವರ್ತ ಇಟ್ಟು ಆರನೆಯದರ ಸಮದ ಮೇಲೆ ಮುಕ್ತಾಯ ಮಾಡಿ.

ಜಾಗದ ಲೆಕ್ಕ: 48/24 ಸ್ಟೀರಿಯೊ ನಿಮಿಷಕ್ಕೆ ಸುಮಾರು 17 ಎಂಬಿ. ನಾಲ್ಕು ನಿಮಿಷದ ಹಾಡಿನ 12 ಕಡತಗಳಿಗೆ 830 ಎಂಬಿ, 15 ಹಾಡುಗಳಿಗೆ ಹನ್ನೆರಡೂವರೆ ಜಿಬಿ. ಎರಡು ಡಿಸ್ಕ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ ಇಡಿ.

ಹಂತ 4: ಹೆಸರು, ಸಂಖ್ಯೆ, ವಿವರ

ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರದ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಬೇಕು. ಭಾರತದಲ್ಲಿ ಅದನ್ನು ನೋಡಿಕೊಳ್ಳುವ ಸಂಸ್ಥೆ ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ. ಡಿಸ್ಟ್ರಿಬ್ಯೂಟರ್ ಕೊಟ್ಟದ್ದಾದರೂ ನಡೆಯುತ್ತದೆ. ವಾದ್ಯ ಆವೃತ್ತಿಗೆ ಬೇರೆಯೇ ಸಂಖ್ಯೆ. ರಚನೆಯ ಸಂಖ್ಯೆ ಐಎಸ್‌ಡಬ್ಲ್ಯುಸಿ. ಗೀತರಚನೆಕಾರ, ಸಂಯೋಜಕ ಇಬ್ಬರೂ, ರಚನೆಯ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಿ, ಪ್ರತಿ ಕೃತಿಯನ್ನೂ ಸ್ಪ್ಲಿಟ್ ಶೀಟ್‌ನಲ್ಲಿರುವ ಅದೇ ಪಾಲಿನೊಂದಿಗೆ ನೋಂದಾಯಿಸಬೇಕು. ಗಾಯಕರು ಮತ್ತು ವಾದ್ಯಗಾರರಿಗೆ ಇಸಾಮ್ರಾ ಎಂಬ ಅಂಥದೇ ಸಂಸ್ಥೆ ಇದೆ. ಹಕ್ಕುಸ್ವಾಮ್ಯ ಕಚೇರಿಯ ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರಿನಲ್ಲಿ ಒಳ್ಳೆಯ ಸಾಕ್ಷ್ಯ.

ನಮ್ಮಲ್ಲಿ ಹಣ ಕಳೆದುಹೋಗುವ ದಾರಿ ಹೆಸರಿನ ಕಾಗುಣಿತ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ‘ಶ್ರೀನಿವಾಸ’ ಇಂಗ್ಲಿಷ್ ಲಿಪಿಯಲ್ಲಿ ನಾಲ್ಕು ರೀತಿ. ಐಪಿಆರ್‌ಎಸ್ ದಾಖಲೆಯಲ್ಲಿರುವ ಕಾಗುಣಿತವನ್ನೇ ಎಲ್ಲ ಕಡೆ ಬಳಸಿ, ಪಕ್ಕದಲ್ಲಿ ರಚನೆಕಾರರ ಗುರುತಾದ ಐಪಿಐ ಸಂಖ್ಯೆ ಹಾಕಿ. ಹಾಡಿನ ಶೀರ್ಷಿಕೆಗೂ ಒಂದೇ ಲಿಪ್ಯಂತರ ನಿಗದಿಮಾಡಿ. ಕಡತದ ಹೆಸರು ಇಂಗ್ಲಿಷ್ ಲಿಪಿಯಲ್ಲೇ ಇರಲಿ, ಕನ್ನಡ ಅಕ್ಷರಗಳು ಕೆಲವು ಎಡಿಟಿಂಗ್ ವ್ಯವಸ್ಥೆಗಳಲ್ಲಿ ಚೌಕಗಳಾಗುತ್ತವೆ. ಕಲಾವಿದರು, ಹಾಡು, ಆವೃತ್ತಿ, ಬಿಪಿಎಂ, ಶ್ರುತಿ ಎಂಬ ಕ್ರಮ ಸಾಕು. ‘ಫೈನಲ್ ಟು ನ್ಯೂ’ ಎಂಬ ಹೆಸರಿನ ಕಡತ ಹೊರಗೆ ಹೋಗಬಾರದು.

ವೇವ್ ಕಡತದೊಳಗೆ ವಿವರಗಳು ನೆಟ್ಟಗೆ ಉಳಿಯುವುದಿಲ್ಲ. ಆದ್ದರಿಂದ ಕೇಳಿಸಲು 320 ಕೆಬಿಪಿಎಸ್ ಎಂಪಿ3 ಕೊಡಿ, ಅದರ ಕಾಮೆಂಟ್ ಜಾಗದಲ್ಲಿ ‘ಒನ್ ಸ್ಟಾಪ್, ನೂರಕ್ಕೆ ನೂರು ಹಕ್ಕು’ ಎಂದೂ ಇಮೇಲ್ ಮತ್ತು ಫೋನ್ ಸಂಖ್ಯೆಯನ್ನೂ ತುಂಬಿ. ಆರು ತಿಂಗಳ ನಂತರ ಯಾರದೋ ಹಾರ್ಡ್‌ಡಿಸ್ಕ್‌ನಲ್ಲಿ ಆ ಕಡತ ಸಿಕ್ಕಾಗ ನಿಮ್ಮನ್ನು ಹುಡುಕಲು ಇರುವ ದಾರಿ ಅದೊಂದೇ.

ಶ್ರುತಿಯನ್ನು ‘ಕಪ್ಪು ಒಂದು’ ಎಂದು ಬರೆದುಕೊಂಡಿದ್ದರೆ ಪಕ್ಕದಲ್ಲಿ ಸಿ ಶಾರ್ಪ್ ಎಂದೂ ಬರೆಯಿರಿ. ತಾಳವಿಲ್ಲದೆ ಹಾಡಿದ ವಚನಕ್ಕೆ ಸುಳ್ಳು ಬಿಪಿಎಂ ಹಾಕಬೇಡಿ, ‘ಮುಕ್ತ ಲಯ’ ಎನ್ನಿ. ಭಾವಕ್ಕೆ ‘ಭಾವಪೂರ್ಣ’ ಎಂದರೆ ಯಾರಿಗೂ ಏನೂ ಹೊಳೆಯದು. ಅಗಲಿಕೆ, ಊರಿಗೆ ಮರಳುವುದು, ಮೊದಲ ಮಳೆ, ತಾಯಿ, ಬಸ್ ಪ್ರಯಾಣ ಎಂದು ದೃಶ್ಯ ಕಾಣುವಂಥ ಪದ ಹಾಕಿ. ಚೌಡಿಕೆ, ಏಕತಾರಿ, ಚಂಡೆಯಂಥ ವಾದ್ಯಗಳನ್ನು ಹೆಸರಿಸಿ. ಧಾರವಾಡದ ಕನ್ನಡವೋ ಕುಂದಾಪುರದ್ದೋ ತಿಳಿಸಿ. ಸಾಹಿತ್ಯವನ್ನು ಕನ್ನಡದಲ್ಲಿ, ಲಿಪ್ಯಂತರದಲ್ಲಿ, ಇಂಗ್ಲಿಷ್ ಭಾವಾರ್ಥದಲ್ಲಿ ಮೂರು ರೀತಿ ಇಡಿ. ಮುಂಬೈಯಲ್ಲಿ ಕೂತ ಸೂಪರ್‌ವೈಸರ್‌ಗೆ ನಿಮ್ಮ ಹಾಡು ಜೋಗುಳವೋ ಶೋಕಗೀತೆಯೋ ತಿಳಿಯುವುದು ಅದರಿಂದಲೇ.

ಹಂತ 5: ಕಳಿಸುವುದು ಮತ್ತು ಸಹಿ

ಮೇಲ್‌ಗೆ ಕಡತ ಲಗತ್ತಿಸಬೇಡಿ. ಕೇಳಲೂ ಇಳಿಸಿಕೊಳ್ಳಲೂ ಆಗುವ ಒಂದು ಲಿಂಕ್ ಕೊಡಿ. ಡಿಸ್ಕೋ ಎಂಬ ಸೇವೆ ಈ ಕೆಲಸಕ್ಕೆಂದೇ ಇದೆ. ಅಚ್ಚುಕಟ್ಟಾದ ಕ್ಲೌಡ್ ಫೋಲ್ಡರ್ ಆದರೂ ನಡೆಯುತ್ತದೆ, ಲಿಂಕ್‌ನ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಆ ಯೋಜನೆಗೆ ಹೊಂದುವ 5-6 ಹಾಡು ಮಾತ್ರ ಕಳಿಸಿ.

ಬೆಲೆ ಹೇಳುವ ಮುನ್ನ ಕೇಳಬೇಕಾದವು: ಯಾವ ಮಾಧ್ಯಮ, ಯಾವ ದೇಶ, ಎಷ್ಟು ವರ್ಷ, ಎಷ್ಟು ಸೆಕೆಂಡ್, ಹಿನ್ನೆಲೆಯೋ ಪಾತ್ರವೇ ಹಾಡುವುದೋ, ಟ್ರೇಲರ್‌ಗೂ ಬೇಕೋ, ಡಬ್ಬಿಂಗ್ ಆವೃತ್ತಿಗಳಿಗೂ ಬೇಕೋ. ಟ್ರೇಲರ್‌ಗೆ ಬೇರೆಯೇ ಬೆಲೆ. ಒಟ್ಟು ಮೊತ್ತ ರಚನೆಗೆ ಅರ್ಧ, ಮಾಸ್ಟರ್‌ಗೆ ಅರ್ಧ ಎಂಬುದು ರೂಢಿ. ಬಿಲ್‌ನಲ್ಲೂ ಇವನ್ನು ಎರಡು ಸಾಲಾಗಿ ತೋರಿಸಿ. ಸಂಯೋಜಕ ತನ್ನ ರಚನೆಯ ಬಳಕೆಯನ್ನು ನಿರ್ಮಾಪಕರಿಗೆ ಕೊಟ್ಟಾಗ ಜಿಎಸ್‌ಟಿ ಕಟ್ಟುವ ಹೊಣೆ ಪಡೆದವರ ಮೇಲೆ ಬೀಳುತ್ತದೆ, ಧ್ವನಿಮುದ್ರಣಕ್ಕೆ ಆ ನಿಯಮ ಇಲ್ಲ. ಬಿಲ್ ಹೋಗುವ ಮುನ್ನ ಆಡಿಟರ್‌ಗೆ ತೋರಿಸಿ.

ಸಹಿಯಾದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಡಿಸ್ಟ್ರಿಬ್ಯೂಟರ್ ಮೂಲಕ ನಿಮ್ಮ ಹಾಡು ಹಾಡುಗಳನ್ನು ತಾನಾಗಿ ಗುರುತಿಸುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆಯಲ್ಲಿದ್ದರೆ, ಸಿನಿಮಾದ ಟೀಸರ್ ಬಿಡುಗಡೆಯಾದ ಗಳಿಗೆಯಲ್ಲೇ ಅದರ ಮೇಲೆ ನಿಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತದೆ. ನಿರ್ಮಾಣ ಸಂಸ್ಥೆಯ ಚಾನೆಲ್ ವಿಳಾಸ ಪಡೆದು ಮೊದಲೇ ಅದನ್ನು ವಿನಾಯಿತಿ ಪಟ್ಟಿಗೆ ಸೇರಿಸಿ.

ಲೈಸೆನ್ಸ್‌ನಲ್ಲಿ ಕ್ಯೂ ಶೀಟ್, ಅಂದರೆ ಕಾರ್ಯಕ್ರಮದಲ್ಲಿ ಬಳಸಿದ ಸಂಗೀತದ ಪಟ್ಟಿ, ಕೊಡುವ ಷರತ್ತು ಬರೆಸಿಕೊಳ್ಳಿ: ಹಾಡಿನ ಹೆಸರು, ಗೀತರಚನೆಕಾರ, ಸಂಯೋಜಕ, ಬಳಕೆಯ ಬಗೆ, ಸೆಕೆಂಡ್‌ಗಳ ಲೆಕ್ಕ. ಲೈಸೆನ್ಸ್ ಹಣ ಒಮ್ಮೆ ಬಂದು ಮುಗಿಯುತ್ತದೆ. ಪ್ರಸಾರವಾದಾಗಲೆಲ್ಲ ಬರಬೇಕಾದ ರಾಯಲ್ಟಿ ಸರಿಯಾದ ಹೆಸರಿಗೆ ತಲುಪಲು ಆಧಾರ ಆ ಹಾಳೆ. ಪ್ರಸಾರವಾದ ತಿಂಗಳೊಳಗೆ ಅದರ ಪ್ರತಿ ಕೇಳಿ ಪಡೆದು, ಐಪಿಆರ್‌ಎಸ್‌ನಲ್ಲಿರುವ ನಿಮ್ಮ ನೋಂದಣಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿ. ನಿರ್ಮಾಣ ತಂಡ ಚದುರಿದ ಮೇಲೆ ಆ ಹಾಳೆ ತಿದ್ದಲು ಕಚೇರಿಯಲ್ಲಿ ಯಾರೂ ಇರುವುದಿಲ್ಲ.